ಮಾವನ ಹಲ್ಲು ನಾಳೆ ಬರುತ್ತೆ

ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಮೊಬೈಲು ಕುಂಯ್ ಅಂತು. ನಿಮ್ಮ ಪಾರ್ಸಲ್ ತಲುಪಿದೆ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ಸ್ಟಾರ್ ಕೊಡುತ್ತೀರಿ ಅಂತ ಕೇಳಿದ್ದರು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ 60 ಕಿಲೋಮೀಟರ್. ಸೋಮವಾರ ಸಂಜೆ ಕೊಟ್ಟ ಡಬ್ಬಿ ಶನಿವಾರ ಮುಟ್ಟಿದೆ. ಅಂದರೆ ದಿನಕ್ಕೆ 12 ಕಿಲೋಮೀಟರ್. ಎತ್ತಿನ ಗಾಡಿ ಕಟ್ಟಿದ್ದರೆ ಎತ್ತುಗಳನ್ನು ಅಲ್ಲಲ್ಲಿ ಮೇಯಲು ಬಿಟ್ಟುಕೊಂಡು ಹೋಗಿದ್ದರೂ ಬುಧವಾರಕ್ಕೆ ದುರ್ಗ ಸೇರಿ, ಗುರುವಾರ ಕೋಟೆ ನೋಡಿ, ಶುಕ್ರವಾರ ವಾಪಸ್ ಹೊರಡಬಹುದಿತ್ತು. ಸ್ಟಾರ್ ಕೊಡುವ ಜಾಗದಲ್ಲಿ ಒಂದಕ್ಕಿಂತ ಕಡಿಮೆ ಒತ್ತಲು ಬರುವುದಿಲ್ಲ ಅನ್ನುವುದು ಅವತ್ತೇ ಗೊತ್ತಾಗಿದ್ದು.

ಡಬ್ಬಿಯೊಳಗೆ ಇದ್ದದ್ದು ಹಲ್ಲು. ನನ್ನದಲ್ಲ, ನಮ್ಮ ಸೋದರಮಾವನದು.

ದುರ್ಗದ ಮಾವ ಯುಗಾದಿಗೆ ಬಂದವರು ಭಾನುವಾರ ಸಂಜೆ ಬಸ್ಸು ಹತ್ತಿದರು. ಸೋಮವಾರ ಬೆಳಗ್ಗೆ ಬಚ್ಚಲಮನೆ ಕಿಟಕಿಯಲ್ಲಿ ಸ್ಟೀಲ್ ಲೋಟ ಎತ್ತಿಕೊಂಡ ನನ್ನಾಕೆ ಕಿಟಾರನೆ ಕಿರುಚಿದಳು. ಲೋಟದ ನೀರಿನೊಳಗಿಂದ ಮಾವನ ಮೇಲ್ಸಾಲು ಕೆಳಸಾಲು ಎರಡೂ ಸೇರಿ ಅವಳನ್ನು ನೋಡಿ ನಗುತ್ತಿದ್ದವಂತೆ. ಅಷ್ಟರಲ್ಲಿ ಫೋನೂ ಬಂತು.

"ಅಳಿಯಾ, ನನ್ನ ಹೆಟ್ಟು ಅಲ್ಲೇ ಬಿಟ್ಟು ಬಂದೀನಿ ಕಣೋ."

ಹೆಟ್ಟು ಅಂದರೆ ಸೆಟ್ಟು. ಹಲ್ಲಿಲ್ಲದ ಬಾಯಲ್ಲಿ ಮೊದಲು ಹೊರಟು ಹೋಗುವ ಅಕ್ಷರ 'ಸ' ಅನ್ನುವ ಸತ್ಯ ಮುಂದಿನ ಆರು ದಿನ ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಸಾಬೀತಾಯಿತು.

"ದುರ್ಗದೋರಿಗೆ ಮುದ್ದೆ ನುಂಗೋಕೆ ಹಲ್ಲು ಯಾಕಂತೆ?" ಅಂದಳು ನನ್ನಾಕೆ, ಮೆಲ್ಲಗೆ. ಮಾವನಿಗೆ ಕಿವಿ ಮಾತ್ರ ಇನ್ನೂ ಹಳೇ ಕಾಲದ್ದು. "ಮುದ್ದೆ ನುಂಗಬಹುದಮ್ಮಾ, ಮಾತು ನುಂಗೋಕಾಗುತ್ತಾ?" ಅಂದರು.

ನೀನೇ ಹೋಗಿ ಕೊಟ್ಟು ಬರಬಹುದಿತ್ತಲ್ಲ, ಒಂದೂವರೆ ಗಂಟೆ ದಾರಿ ಅಂತ ನೀವು ಕೇಳುತ್ತೀರಿ. ಎಲ್ಲರೂ ಕೇಳಿದ್ದಾರೆ. ಮಂಡಕ್ಕಿ ಅಂಗಡಿಯವನೂ ಕೇಳಿದ್ದಾನೆ. ನಾನು ಹೈಸ್ಕೂಲು ಮೇಷ್ಟ್ರು, ಪರೀಕ್ಷೆ ಡ್ಯೂಟಿ ಹಾಕಿದ್ದರು, ರಜೆ ಇಲ್ಲ. ಅದೂ ಅಲ್ಲದೆ (ಇಲ್ಲಿ ನಿಜ ಹೇಳಿಬಿಡುತ್ತೇನೆ) ಈ ಬಿಸಿಲಿನಲ್ಲಿ ಒಂದು ಜೊತೆ ಹಲ್ಲಿನ ಸಲುವಾಗಿ 120 ಕಿಲೋಮೀಟರ್ ಓಡಾಡುವಷ್ಟು ಸಂಬಂಧಪ್ರೀತಿ ನನ್ನಲ್ಲಿ ಇರಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಅಂಚೆ ಕಚೇರಿಗೆ ಹೋದೆ. ಸ್ಟೀಲ್ ಡಬ್ಬಿ, ಒಳಗೆ ಒದ್ದೆ ಹತ್ತಿ, ಅದರೊಳಗೆ ಮಾವನ ಸೊತ್ತು, ಮೇಲೆ ಎರಡು ರಬ್ಬರ್ ಬ್ಯಾಂಡು. ಹತ್ತಿ ಒದ್ದೆ ಮಾಡಿದ್ದಕ್ಕೆ ಕಾರಣವುಂಟು. ಸೆಟ್ಟು ಒಣಗಿದರೆ ಆಕಾರ ಕೆಡುತ್ತೆ, ಆಮೇಲೆ ಬಾಯಲ್ಲಿ ಕೂರಲ್ಲ ಅಂತ ಮಾವ ಮೂರು ಸಲ ಹೇಳಿದ್ದರು.

"ರಿಜಿಸ್ಟರ್ಡ್ ಪೋಸ್ಟ್ ಮಾಡಿ ಮೇಡಂ" ಅಂದೆ, ನಲವತ್ತು ವರ್ಷದ ಅಭ್ಯಾಸದಲ್ಲಿ.

"ರಿಜಿಸ್ಟರ್ಡ್ ಈಗ ಬೇರೆ ಇಲ್ಲ ಸರ್. ಹೋದ್ ವರ್ಷಾನೇ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿಬಿಟ್ರು."

ನನಗೆ ಒಂದು ಕ್ಷಣ ಹಳೇ ಗೆಳೆಯ ತೀರಿಕೊಂಡದ್ದು ತಡವಾಗಿ ಗೊತ್ತಾದಂತಾಯಿತು. 1986ರಲ್ಲಿ ಸ್ಪೀಡ್ ಪೋಸ್ಟ್ ಬಂದಾಗ ಅದು ಶ್ರೀಮಂತರ ಟಪಾಲು, ನಮ್ಮಂಥವರದು ರಿಜಿಸ್ಟರ್ಡ್. ಈಗ ಬಡವನ ಅಂಗಡಿಯನ್ನು ಸಾಹುಕಾರನ ಅಂಗಡಿಯೊಳಗೆ ಸೇರಿಸಿ ಒಂದೇ ಬೋರ್ಡು ಹಾಕಿದ್ದಾರೆ.

"ಕಾಗದಪತ್ರನಾ? 50 ಗ್ರಾಂ ಒಳಗಾದ್ರೆ ಹೊರಗಿನ ಯಾವ ಊರಿಗಾದ್ರೂ 47 ರೂಪಾಯಿ, ಮೇಲೆ ಜಿಎಸ್‌ಟಿ."

"ಕಾಗದ ಅಲ್ಲ."

"ಹಂಗಾದ್ರೆ ಪಾರ್ಸಲ್. ಏನೈತ್ರಿ ಒಳಗೆ?"

"ಹಲ್ಲು."

ಅವರು ಪೆನ್ನು ಕೆಳಗಿಟ್ಟರು. "ಯಾವ ಪ್ರಾಣಿದು?"

"ನಮ್ಮ ಮಾವಂದು."

ಹಿಂದೆ ಸಾಲಿನಲ್ಲಿದ್ದವರೆಲ್ಲ ಒಂದು ಹೆಜ್ಜೆ ಮುಂದೆ ಬಂದರು. ಆನೆದಂತ, ಹುಲಿಯುಗುರು ಅಂತೆಲ್ಲ ಪೇಪರಿನಲ್ಲಿ ಓದಿದ್ದ ಮೇಡಂ ಪಾಪ, ತಮ್ಮ ಕೆಲಸ ತಾವು ಮಾಡಿದ್ದರು. ಕಟ್ಟಿಸಿಕೊಂಡ ಹಲ್ಲು ಅಂತ ವಿವರಿಸಿದ ಮೇಲೆ ನಕ್ಕು, ಡಬ್ಬಿ ಹೀಗೇ ತರಬಾರದು, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಪ್ಯಾಕ್ ಮಾಡಿ, ವಿಳಾಸ ಬರೆದು ತನ್ನಿ ಅಂದರು. ಯಾವಾಗ ಮುಟ್ಟುತ್ತೆ ಅಂತ ಕೇಳಿದೆ. "ನಾಳೆ ಸಿಗಬಹುದು, ನಾಳಿದ್ದು ಸಿಗಬಹುದು. ಇಂಥಾ ದಿನಾನೇ ಅಂತ ನಾನು ಮಾತು ಕೊಡಲ್ಲ ಸರ್."

ಇಷ್ಟು ಪ್ರಾಮಾಣಿಕವಾಗಿ ಮಾತಾಡುವವರ ಹತ್ತಿರ ಈ ಕಾಲದಲ್ಲಿ ಯಾರು ವ್ಯವಹಾರ ಮಾಡುತ್ತಾರೆ ಹೇಳಿ. ನಾನಂತೂ ಮಾಡಲಿಲ್ಲ. ಸಂಜೆ ಏಳಕ್ಕೆ ಮನೆ ಹತ್ತಿರದ ಒಂದು ಕೊರಿಯರ್ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಒಳಗೇನಿದೆ ಅಂತ ಕೇಳಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ದುರ್ಗನಾ? ನಾಳೆ ಬೆಳಗ್ಗೆ ಹೋಗ್ತೈತೆ ಸರ್."

'ಹೋಗ್ತೈತೆ' ಅಂದರೆ ಅಲ್ಲಿಗೆ ಮುಟ್ಟುತ್ತೆ ಅಂತ ನಾನು ತಿಳಿದುಕೊಂಡೆ. ಅವನು ಹೇಳಿದ್ದು ಇಲ್ಲಿಂದ ಹೊರಡುತ್ತೆ ಅಂತ. ಹೊರಟದ್ದೂ ಬೆಳಗ್ಗೆಯಲ್ಲ ಬಿಡಿ. ಅವತ್ತಿನ ಗಾಡಿ ಆರಕ್ಕೇ ಹೋಗಿತ್ತು, ಮುಂದಿನದು ಮಂಗಳವಾರ ರಾತ್ರಿ. ನಾನು ದಿನ ಎಣಿಸಲು ಶುರು ಮಾಡಿದ್ದು ದುಡ್ಡು ಕೊಟ್ಟ ಗಳಿಗೆಯಿಂದ, ಅವರು ಎಣಿಸಲು ಶುರು ಮಾಡುವುದು ಗಾಡಿ ಹತ್ತಿದ ಮೇಲೆ, ಮಾವ ಎಣಿಸಲು ಶುರು ಮಾಡಿದ್ದು ಬಸ್ಸಿನಲ್ಲಿ ಬಾಯಿ ಮುಟ್ಟಿ ನೋಡಿಕೊಂಡ ಕ್ಷಣದಿಂದ. ಮೂವರ ಕೈಯಲ್ಲೂ ಒಂದೇ ಕ್ಯಾಲೆಂಡರು.

ತೊಂಬತ್ತರ ದಶಕದಲ್ಲಿ ಮನೆ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆದಿರುತ್ತಿದ್ದದ್ದು ನಿಮಗೆ ನೆನಪಿರಬಹುದು. ರಾತ್ರಿ ಬಂದು ಹೆಸರು ಹಿಡಿದು ಕೂಗುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತಿತ್ತಂತೆ. ಮರುದಿನ ಬಂದರೆ ಮತ್ತೆ ಅದೇ ಬರಹ. ಅಕ್ಷರ ಬರುತ್ತೆ, ತಾರೀಖು ಗೊತ್ತಾಗಲ್ಲ, ಅಂಥ ದೆವ್ವ. ಆ ಉಪಾಯ ಕಂಡುಹಿಡಿದವನು ಮುಂದೆ ಕೊರಿಯರ್ ಅಂಗಡಿ ಇಟ್ಟಿರಬೇಕು ಅಂತ ನನ್ನ ಗುಮಾನಿ. ಈಗ ರಶೀದಿ ಹಿಡಿದು ದಿನಾ ಅವನ ಬಾಗಿಲಿಗೆ ಹೋಗಿ ಹೆಸರು ಕೂಗುವ ದೆವ್ವ ನಾನು.

ಈ ಆರು ದಿನ ಮಾವ ಸುಮ್ಮನೆ ಕೂತಿರಲಿಲ್ಲ. ಅವರು ತಾಲ್ಲೂಕು ಕಚೇರಿಯೊಂದರಲ್ಲಿ ಟಪಾಲು ಗುಮಾಸ್ತರಾಗಿ ನಿವೃತ್ತರಾದವರು. ಮೂವತ್ತು ವರ್ಷ ಆವಕ-ಜಾವಕ ವಹಿ ಬರೆದ ಕೈ. ಅರ್ಜಿ ಹಿಡಿದು ಬಂದವರಿಗೆ "ನಾಳೆ ಬರ್ರಿ" ಅಂತ ತಾವೇ ಎಷ್ಟು ಸಲ ಹೇಳಿದ್ದರೋ, ಆ ಲೆಕ್ಕ ಯಾವ ವಹಿಯಲ್ಲೂ ಇಲ್ಲ. ಟ್ರ್ಯಾಕಿಂಗ್ ನಂಬರನ್ನು ನಾನು ಅವರಿಗೆ ಕೊಟ್ಟದ್ದೇ ತಪ್ಪಾಯಿತು. ಮೊಮ್ಮಗನ ಮೊಬೈಲಿನಲ್ಲಿ ಅದನ್ನು ಹಾಕಿಸಿ, ಹಳೇ ಡೈರಿಯಲ್ಲಿ ಗೆರೆ ಎಳೆದು, ತಾರೀಖು, ವೇಳೆ, ಸ್ಥಳ, ಷರಾ ಅಂತ ನಾಲ್ಕು ಕಾಲಂ ಮಾಡಿದರು. ಎರಡು ಗಂಟೆಗೊಮ್ಮೆ ನನಗೆ ಫೋನು. ಡ್ಯೂಟಿಯ ಹೊತ್ತಿನಲ್ಲಿ ಫೋನು ಹತ್ತಿರ ಇಟ್ಟುಕೊಳ್ಳುವ ಹಾಗಿಲ್ಲ. ಹೊರಬಂದು ನೋಡಿದರೆ ಹನ್ನೊಂದು ಮಿಸ್ಡ್ ಕಾಲು.

ಮಂಗಳವಾರ: "ಬುಕ್ಡ್ ಅಂತ ಐತೆ. ನಿನ್ನೇನೂ ಬುಕ್ಡ್ ಅಂತಿತ್ತು. ಎಷ್ಟು ಹಲ ಬುಕ್ ಮಾಡ್ತಾರೋ?"

ಬುಧವಾರ ಬೆಳಗ್ಗೆ ಮಾವನ ದನಿಯೇ ಬೇರೆ ಇತ್ತು.

"ಅಳಿಯಾ, ಹಲ್ಲು ನೆಲಮಂಗಲಕ್ಕೆ ಹೋಗಿದೆ."

ನಾನೂ ನೋಡಿದೆ. ಹೌದು, ನೆಲಮಂಗಲ ಹಬ್. ದಾವಣಗೆರೆಯ ಪಾರ್ಸಲ್ ದುರ್ಗಕ್ಕೆ ಹೋಗಲು ಬೆಂಗಳೂರಿನ ಹೊಸ್ತಿಲಿಗೆ ಹೋಗಿದೆ! ಊರೂರಿನಿಂದ ಊರೂರಿಗೆ ಗಾಡಿ ಬಿಟ್ಟರೆ ಡೀಸೆಲ್ಲಿಗೂ ಹುಟ್ಟುವುದಿಲ್ಲ, ಅದಕ್ಕೇ ಎಲ್ಲವನ್ನೂ ಒಂದು ದೊಡ್ಡ ಗೋಡೌನಿನಲ್ಲಿ ರಾಶಿ ಹಾಕಿ, ಪಿನ್‌ಕೋಡ್ ನೋಡಿ ವಿಂಗಡಿಸಿ, ತಿರುಗಿ ಕಳಿಸುತ್ತಾರೆ. ಅವರ ಲೆಕ್ಕ ಅವರಿಗೆ ಸರಿಯೇ. ಕೊಂಕಣ ಸುತ್ತಿ ಮೈಲಾರಕ್ಕೆ ಬರುವುದನ್ನೇ ಈಗ ಲಾಜಿಸ್ಟಿಕ್ಸ್ ಅನ್ನುತ್ತಾರೆ ಅಂತ ಮಾವನಿಗೆ ತಿಳಿಸಿ ಹೇಳಿದೆ.

ಮಾವ ಒಪ್ಪಲಿಲ್ಲ. "ನಿಂದೂ 577, ನಂದೂ 577. ಪಿನ್‌ಕೋಡ್ ಯಾಕೆ ಮಾಡಿದ್ರು 1972ರಲ್ಲಿ? ಮೊದಲ ಮೂರು ಅಂಕಿ ಒಂದೇ ಇದ್ರೆ ಒಂದೇ ಕಡೆ ವಿಂಗಡಣೆ ಅಂತ ಅರ್ಥ. ನಾವು ಒಂದೇ ಮನೆತನದೋರು ಕಣೋ." ಶಿವಮೊಗ್ಗ, ಚಿಕ್ಕಮಗಳೂರಿನವರೂ ಅದೇ ಮನೆತನದವರು, ಮಾವ. ಆದರೆ ಕೊರಿಯರಿನವರು ಆ ಮನೆತನದ ಮದುವೆಗೆ ಬಂದವರಲ್ಲ.

ಮಾವನನ್ನು ನಿಜವಾಗಿ ಚುಚ್ಚಿದ್ದು ಬೇರೆ. ಲಾರಿ ಇಲ್ಲಿಂದ ನೆಲಮಂಗಲಕ್ಕೆ ಹೋಗುವುದು ದುರ್ಗದ ಮೇಲೆಯೇ. ಅವರು ಡೈರಿಯಲ್ಲಿ ಲೆಕ್ಕ ಹಾಕಿದ್ದರು. ರಾತ್ರಿ ಹನ್ನೊಂದಕ್ಕೆ ದಾವಣಗೆರೆ ಬಿಟ್ಟರೆ ಹನ್ನೆರಡೂಕಾಲಿಗೆ ದುರ್ಗದ ಬೈಪಾಸು. "ನಾನು ಆಗ ಎಚ್ಚರ ಇದ್ದೆ ಕಣೋ. ಹಾಹಿಗೇಲಿ ಹೊಳ್ಳಾಡ್ತಿದ್ದೆ. ಎರಡು ಕಿಲೋಮೀಟರ್ ದೂರದಲ್ಲಿ ನನ್ನ ಹಲ್ಲು ನನ್ನನ್ನ ದಾಟಿ ಹೋಗಿದೆ." ಷರಾ ಕಾಲಂನಲ್ಲಿ ಅದನ್ನೂ ಬರೆದುಕೊಂಡಿದ್ದಾರೆ: 'ಮನೆ ಮುಂದೆ ಹಾದು ಹೋಯಿತು.' ನಗು ಬಂತು, ಆದರೆ ನಗಲಾಗಲಿಲ್ಲ.

ಯಾಕೆಂದರೆ ಇದೇ ಮಾವ ನಮಗೆ ಚಿಕ್ಕಂದಿನಲ್ಲಿ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದರು. ಮೇಲೆ 'ಕ್ಷೇಮ', ಅದರ ಕೆಳಗೆ ಮುತ್ತು ಪೋಣಿಸಿದ ಹಾಗೆ ಅಕ್ಷರ, ಮಡಿಸುವ ಅಂಚಿನಲ್ಲೂ ಜಾಗ ಬಿಡದೆ 'ಚಿಕ್ಕವನಿಗೆ ಮುತ್ತು' ಅಂತ ಒಂದು ಸಾಲು. ಚಿಕ್ಕವನು ಅಂದರೆ ನಾನು. ಒಮ್ಮೆ 'ಶುಕ್ರವಾರ ಬರುತ್ತೇನೆ' ಅಂತ ಬರೆದ ಪತ್ರವನ್ನು ಡಬ್ಬಕ್ಕೆ ಹಾಕಲು ಮರೆತು ಅಂಗಿ ಜೇಬಿನಲ್ಲೇ ಇಟ್ಟುಕೊಂಡು, ಹೊರಡುವ ದಿನ ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಪೋಸ್ಟ್ ಮಾಡಿ ಬಸ್ಸು ಹತ್ತಿದ್ದರು. ಶನಿವಾರ ಪೋಸ್ಟ್‌ಮ್ಯಾನ್ ಪತ್ರ ಕೊಟ್ಟಾಗ ಮಾವ ನಮ್ಮ ಪಡಸಾಲೆಯಲ್ಲೇ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಕೂತಿದ್ದರು. ಅವ್ವ ಪತ್ರ ಒಡೆದು ಗಟ್ಟಿಯಾಗಿ ಓದಿದಳು. ತಾವು ಬರುವ ಸುದ್ದಿಯನ್ನು ತಾವೇ ತಲೆದೂಗುತ್ತಾ ಕೇಳಿಸಿಕೊಂಡ ಮಾವ, ಕೊನೆಗೆ "ಯಾವಾಗ ಬರ್ತಾರಂತೆ?" ಅಂದರು. ಆಗ ಅವರಿಗೆ ಅವರದೇ ಹಲ್ಲುಗಳಿದ್ದವು. ಅವ್ವನೂ ಇದ್ದಳು.

ಗುರುವಾರ ಪೂರ್ತಿ 'ಇನ್ ಟ್ರಾನ್ಸಿಟ್'. ಶುಕ್ರವಾರ ಬೆಳಗ್ಗೆ ದುರ್ಗ ಮುಟ್ಟಿ 'ಔಟ್ ಫಾರ್ ಡೆಲಿವರಿ' ಆಯಿತು. ಮಾವ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಬೆಳಗ್ಗೆ ಎಂಟರಿಂದ ಜಗಲಿ ಮೇಲೆ ಕುರ್ಚಿ ಹಾಕಿ ಕೂತರು. ಸಂಜೆ ಆರಕ್ಕೆ ಮೆಸೇಜು ಬಂತು: 'ಮನೆಯಲ್ಲಿ ಯಾರೂ ಇರಲಿಲ್ಲ.' ಹತ್ತು ಗಂಟೆ ಜಗಲಿಯಲ್ಲಿ ಕೂತ ಮನುಷ್ಯನಿಗೆ ನೀನು ಇರಲಿಲ್ಲ ಅನ್ನುವುದಿದೆಯಲ್ಲ! ಮಾವ ಅತ್ತೆಯನ್ನು ಕರೆದು "ನಾನು ಇದ್ದೆನಾ?" ಅಂತ ಕೇಳಿ ಖಾತ್ರಿ ಮಾಡಿಕೊಂಡರಂತೆ. ಹೈದರನ ಸೈನಿಕರಿಗೆ ದುರ್ಗದೊಳಗೆ ನುಗ್ಗಲು ಒಂದು ಕಿಂಡಿಯಾದರೂ ಸಿಕ್ಕಿತ್ತು. ನಮ್ಮ ಡಬ್ಬಿಗೆ ತೆರೆದ ಬಾಗಿಲೂ ಕಾಣಲಿಲ್ಲ.

ಶನಿವಾರ ಡೆಲಿವರಿ ಹುಡುಗ ರಸ್ತೆಯ ತುದಿಯಿಂದ ಫೋನು ಮಾಡಿದ. ಮನೆ ಸಿಗುತ್ತಿಲ್ಲ, ಓಟಿಪಿ ಹೇಳಿ, ಮೆಡಿಕಲ್ ಶಾಪಿನಲ್ಲಿ ಕೊಟ್ಟು ಹೋಗುತ್ತೇನೆ ಅಂದ. ಓಟಿಪಿ ಬಂದದ್ದು 6760. ಕನ್ನಡದಲ್ಲಿ ಹೇಳಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಸರ್ಕಾರಿ ಗುಮಾಸ್ತರ ಬಾಯಲ್ಲಿ ಅಧಿಕೃತ ಅಂಕಿಗಳೆಲ್ಲ ಇಂಗ್ಲಿಷಿನಲ್ಲೇ ಬರಬೇಕು. ಸಿಕ್ಸ್, ಸೆವೆನ್, ಸಿಕ್ಸ್, ಜೀರೋ.

"ಹಿಕ್" ಅಂದರು ಮಾವ. "ಹೆವೆನ್. ಹಿಕ್. ಹೀರೋ."

"ಯಜಮಾನ್ರೇ, ನೀರು ಕುಡೀರಿ" ಅಂದನಂತೆ ಹುಡುಗ. "ಬಿಕ್ಕಳಿಕೆ ನಿಂತ್ ಮೇಲೆ ಹೇಳ್ರಿ, ಅವಸರ ಇಲ್ಲ."

"ಬಿಕ್ಕಳಿಕೆ ಅಲ್ಲಯ್ಯಾ! ಹಿಕ್! ಹಿಕ್!"

"ಯಾರೋ ನೆನೆಸ್ಕೋತಿದಾರೆ ನಿಮ್ಮನ್ನ."

ಹಲ್ಲು ಬೇಕಾದರೆ ನಂಬರು ಹೇಳಬೇಕು, ನಂಬರು ಹೇಳಬೇಕಾದರೆ ಹಲ್ಲು ಬೇಕು. ಐದು ನಿಮಿಷ ಇದೇ ನಡೆದ ಮೇಲೆ ಅತ್ತೆ ಒಳಗಿಂದ ಮುದ್ದೆ ಕೋಲು ಹಿಡಿದುಕೊಂಡೇ ಬಂದು, ಫೋನು ಕಿತ್ತುಕೊಂಡು, "ಆರು ಏಳು ಆರು ಸೊನ್ನೆ" ಅಂತ ಹೇಳಿ ಒಳಗೆ ಹೋದರು.

ಸಂಜೆ ಮಾವನ ಫೋನು. ಆರು ದಿನದ ಮೇಲೆ 'ಸ' ಊರಿಗೆ ವಾಪಸ್ ಬಂದಿತ್ತು. "ಸಿಕ್ತು ಕಣೋ. ಸರಿಯಾಗಿ ಕೂತೈತೆ. ಸಂತೋಷ." ಒಂದೊಂದು 'ಸ'ವನ್ನೂ ಬೇಕಂತಲೇ ಎಳೆದು ಹೇಳಿದರು. ಆಮೇಲೆ, "ನಿಮ್ಮತ್ತೆ ಶೇಂಗಾ ಹೋಳಿಗೆ ಮಾಡ್ತಾಳೆ. ನಾಳಿದ್ದು ಬೆಳಗ್ಗೆ ಒಂಬತ್ತಕ್ಕೆ ನಿಮ್ಮ ಬಸ್‌ಸ್ಟ್ಯಾಂಡಿಗೆ ಬಂದು ನಿಂತ್ಕೋ. ನಮ್ಮ ಪಕ್ಕದ ಮನೆ ಹುಡುಗ ಕೊಡ್ತಾನೆ."

"ಅವನು ಯಾಕೆ ಬರ್ತಾನೆ ಇಲ್ಲಿಗೆ?"

"ದಾವಣಗೆರೇಲೇ ಅಲ್ವೇನೋ ಅವನ ಕೆಲಸ. ದಿನಾ ಬೆಳಗ್ಗೆ ಹೋಗಿ ಸಂಜೆ ಬರ್ತಾನೆ. ಎರಡು ವರ್ಷ ಆಯ್ತು."

ನಾನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. "ಮಾವ, ಇದನ್ನ ಸೋಮವಾರ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ. ಕೊರಿಯರ್ ಮಾಡ್ತೀನಿ, ನಾಳೆ ಸಿಗುತ್ತೆ ಅಂದಿ. ಓದಿದೋನು ಅಂತ ಸುಮ್ನಿದ್ದೆ."

ಸೋಮವಾರ ಬಸ್‌ಸ್ಟ್ಯಾಂಡಿನಲ್ಲಿ ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಹುಡುಗ ಇಳಿದ. ಸಹಿ ಇಲ್ಲ, ಓಟಿಪಿ ಇಲ್ಲ. "ಅಣ್ಣಾ, ತಗೊಳ್ರಿ" ಅಂತ ಕೈಗಿಟ್ಟು ಆಫೀಸಿಗೆ ಓಡಿದ. ಅದೇ ಸ್ಟೀಲ್ ಡಬ್ಬಿ, ಅವೇ ಎರಡು ರಬ್ಬರ್ ಬ್ಯಾಂಡು. ತೊಳೆದಿರುತ್ತಾರೆ ಅಂತ ಗೊತ್ತಿದ್ದರೂ ಮುಚ್ಚಳ ತೆಗೆದು ಒಮ್ಮೆ ಒಳಗೆ ಇಣುಕಿ ನೋಡಿಯೇ ಮೊದಲ ಹೋಳಿಗೆ ಎತ್ತಿಕೊಂಡೆ. ಇನ್ನೂ ಬೆಚ್ಚಗಿತ್ತು.