ನೈನೈಟ್ ಸರಿ, ವಿನ್‌ಗೆಟ್ ಕೂಡ ನೋಡಿ

ಹೊಸ ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರ್‌ಗಳನ್ನು ಒಟ್ಟಿಗೆ ಹಾಕಿಕೊಡುವ ನೈನೈಟ್ ಎಂಬ ಜಾಲತಾಣ ಒಂದಿದ್ದರೆ ಸಾಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಮನೆ ಬಳಕೆಗೆ ಒಪ್ಪುತ್ತೇನೆ. ಕ್ರೋಮ್, ವಿಎಲ್‌ಸಿ, 7-ಜಿಪ್ ಹೀಗೆ ಬೇಕಾದ್ದಕ್ಕೆ ಟಿಕ್ ಹಾಕಿ ಒಂದು ಸಣ್ಣ ಫೈಲ್ ಇಳಿಸಿಕೊಂಡರೆ ಮುಗಿಯಿತು. ನೆಕ್ಸ್ಟ್ ನೆಕ್ಸ್ಟ್ ಒತ್ತುವ ಕಾಟವಿಲ್ಲ. ಬೇಡದ ಟೂಲ್‌ಬಾರ್‌ಗಳೂ ಒಳಗೆ ನುಸುಳುವುದಿಲ್ಲ. ಅದೇ ಫೈಲನ್ನು ಆರು ತಿಂಗಳು ಬಿಟ್ಟು ಮತ್ತೆ ಓಡಿಸಿದರೆ ಎಲ್ಲ ಅಪ್‌ಡೇಟ್ ಕೂಡ ಆಗುತ್ತದೆ. ಇದನ್ನು ನೀವು ಹೇಳಲೇ ಇಲ್ಲ, ಅಲ್ವಾ?

ಆದರೆ ಅದರ ಪಟ್ಟಿ ಚಿಕ್ಕದು. ಆಫೀಸಿಗಾದರೆ ದುಡ್ಡು ಕೊಟ್ಟು ಅದರ ಪ್ರೊ ಆವೃತ್ತಿ ತಗೋಬೇಕು. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಮೈಕ್ರೋಸಾಫ್ಟಿನ ವಿನ್‌ಗೆಟ್, ಅಂದರೆ ಆದೇಶ ಟೈಪ್ ಮಾಡಿ ಸಾಫ್ಟ್‌ವೇರ್ ಹಾಕಿಸುವ ಸಾಧನ. ವಿಂಡೋಸ್ 11ರಲ್ಲಿ ಮೊದಲೇ ಇರುತ್ತದೆ. ಕಳೆದ ತಿಂಗಳು ಹಳೇ ಲ್ಯಾಪ್‌ಟಾಪ್ ಬಿಡುವ ಮುಂಚೆ ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು ವಿನ್‌ಗೆಟ್ ಎಕ್ಸ್‌ಪೋರ್ಟ್ ಆದೇಶ ಕೊಟ್ಟೆ. ಅದರಲ್ಲಿದ್ದ ಸಾಫ್ಟ್‌ವೇರ್‌ಗಳ ಪಟ್ಟಿ ಒಂದು ಜೇಸನ್ (JSON) ಪಠ್ಯ ಫೈಲಿಗೆ ಬಂತು. ಅದನ್ನು ಪೆನ್‌ಡ್ರೈವಿನಲ್ಲಿ ಹೊಸದಕ್ಕೆ ಒಯ್ದು, ಇಂಪೋರ್ಟ್ ಕೊಟ್ಟು, ಕಾಫಿ ಮಾಡಲು ಹೋದೆ. ವಾಪಸ್ ಬಂದರೆ ಅರ್ಧ ಮುಗಿದಿತ್ತು. ಮಿಕ್ಕಿದ್ದು ಪರದೆ ಮೇಲೆ ಅನುಮತಿಗೆ ‘ಯೆಸ್’ ಒತ್ತು ಅಂತ ನನಗಾಗಿ ಕಾಯುತ್ತಾ ನಿಂತಿತ್ತು! ತಪ್ಪು ನನ್ನದೇ, ಟರ್ಮಿನಲನ್ನು ಅಡ್ಮಿನ್ (ಪೂರ್ಣ ಅಧಿಕಾರವುಳ್ಳ ಬಳಕೆದಾರ) ಆಗಿ ತೆರೆದಿರಲಿಲ್ಲ.

ಇನ್ನೊಂದು ವಿಷಯ. ವಿನ್‌ಗೆಟ್ ಭಂಡಾರದಲ್ಲಿ ಇಲ್ಲದ್ದು ಆ ಫೈಲಿಗೆ ಬರುವುದಿಲ್ಲ. ನುಡಿ, ಪ್ರಿಂಟರ್ ಡ್ರೈವರ್ ಎರಡನ್ನೂ ನಾನು ಕೈಯಾರೆ ಹಾಕಿಕೊಂಡೆ. ಸೆಟ್ಟಿಂಗ್‌ಗಳೂ ಅಷ್ಟೇ, ಬರೀ ಸಾಫ್ಟ್‌ವೇರ್ ಬರುತ್ತದೆ.

ಇದೇ ತರಹದ ಇನ್ನೊಂದು ಸಾಧನ ಚಾಕೊಲೇಟಿ? ಹತ್ತಿಪ್ಪತ್ತು ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಸರಿ. ಮನೆಯ ಒಂದು ಲ್ಯಾಪ್‌ಟಾಪಿಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.