ಕಾಡೊಳಗಿನ ಮನೆಗೆ ಕಾಡಿನ ಚಾನೆಲ್ಲು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯನ್ನು ಬಿಟ್ಟು ಮಣ್ಣಿನ ದಾರಿಯಲ್ಲಿ ಒಳಗೆ ಬಂದರೆ ಸಿಗುವ ನಮ್ಮ ಮನೆಯವರಿಗೆ ಕಾಡುಪ್ರಾಣಿಗಳನ್ನು ನೋಡಲು ಟಿವಿಯ ಹಂಗಿಲ್ಲ. ತೋಟದ ಬಾಳೆಗೊನೆಗಳ ಲೆಕ್ಕ ನಮಗಿಂತ ಚೆನ್ನಾಗಿ ಮಂಗಗಳಿಗೆ ಗೊತ್ತಿದೆ. ಕೊಟ್ಟಿಗೆಯ ಅಟ್ಟದಲ್ಲಿ ಕೇರೆಹಾವೊಂದು ಬಾಡಿಗೆ ಕೊಡದೆ ವಾಸವಾಗಿದೆ. ಹಿತ್ತಲಿನ ಗೆಣಸು ಬಲಿತ ಸುದ್ದಿ ಕಾಡುಹಂದಿಗಳಿಗೆ ಯಾವಾಗಲೂ ನಮಗಿಂತ ಮೊದಲೇ ತಲುಪುತ್ತದೆ. ಹೀಗಿದ್ದರೂ ನಮ್ಮ ಮಾವನವರು ರಾತ್ರಿಯ ಊಟ ಮುಗಿಸಿ, ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಆಫ್ರಿಕಾದ ಸೆರೆಂಗೆಟಿ ಬಯಲಿನಲ್ಲಿ ಹಂದಿಯೊಂದು ಬಿಲದಿಂದ ಹೊರಬರುವುದನ್ನು ಉಸಿರು ಬಿಗಿಹಿಡಿದು ನೋಡುತ್ತಾರೆ, ಮತ್ತು ಅದೇ ಹೊತ್ತಿಗೆ ಹಿತ್ತಲಿನ ಕಡೆಯಿಂದ ಕೇಳಿಬರುವ ಗುಟುರನ್ನು "ಟಿವಿಯ ಸೌಂಡು ಎಷ್ಟು ಸಹಜವಾಗಿದೆ ನೋಡು" ಎಂದು ಮೆಚ್ಚಿಕೊಳ್ಳುತ್ತಾರೆ. ಮರುದಿನ ಬೆಳಿಗ್ಗೆ ಗೆಣಸಿನ ಪಾತಿಯನ್ನು ನೋಡಿದಾಗಲೇ ಆ ಸೌಂಡು ಯಾರದೆಂದು ತಿಳಿಯುವುದು.

ಇದು ಇತ್ತೀಚಿನ ಚಟವೇನಲ್ಲ. ವಿಶ್ವವಿದ್ಯಾಲಯಗಳ ಅನುದಾನ ಆಯೋಗದವರು (ಯುಜಿಸಿ) 1984ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ಪಾಠದ ಕಾರ್ಯಕ್ರಮ ಆರಂಭಿಸಿದ ಮೇಲೆ, ಅದನ್ನು ಸ್ವಂತ ಇಚ್ಛೆಯಿಂದ ಕುಳಿತು ನೋಡಿದ ಕೆಲವೇ ಭಾರತೀಯರಲ್ಲಿ ಮಾವನವರೂ ಒಬ್ಬರು ಎಂಬುದು ಅತ್ತೆಯವರ ಆರೋಪ. ಆಗ ಆಂಟೆನಾವನ್ನು ಬಿದಿರಿನ ಗಳುವಿಗೆ ಕಟ್ಟಿ ನಿಲ್ಲಿಸಬೇಕಾಗಿತ್ತು, ಒಬ್ಬರು ಅಂಗಳದಲ್ಲಿ ಗಳುವನ್ನು ತಿರುಗಿಸುತ್ತ "ಬಂತಾ?" ಎಂದು ಕೂಗಬೇಕಾಗಿತ್ತು, ಇನ್ನೊಬ್ಬರು ಒಳಗಿನಿಂದ "ಇತ್ತು, ಹೋಯಿತು" ಎಂದು ಉತ್ತರಿಸಬೇಕಾಗಿತ್ತು. ಗಳು ತಿರುಗಿಸುವ ಕೆಲಸ ಅತ್ತೆಯವರದಾಗಿದ್ದುದರಿಂದ, ಪ್ರೊಫೆಸರ್ ಯಶ್ ಪಾಲ್ ಅವರು ಪ್ರೇಕ್ಷಕರ ವಿಜ್ಞಾನದ ಪ್ರಶ್ನೆಗಳಿಗೆ ಎಷ್ಟು ಸರಳವಾಗಿ ಉತ್ತರ ಕೊಡುತ್ತಿದ್ದರೆಂಬುದನ್ನು ಅವರು ಇಂದಿಗೂ ಕೇಳಿ ಮಾತ್ರ ಬಲ್ಲರು.

ಅಮೆರಿಕದಲ್ಲಿ 1985ರಲ್ಲಿ ಆರಂಭವಾದ ಡಿಸ್ಕವರಿ ವಾಹಿನಿ ಭಾರತಕ್ಕೆ ಬಂದದ್ದು 1995ರಲ್ಲಿ. ಕೇಬಲ್ಲಿನ ತಂತಿ ನಮ್ಮ ಕಡೆಯ ಒಂಟಿಮನೆಗಳನ್ನು ಹುಡುಕಿಕೊಂಡು ಬರಲಿಲ್ಲವಾದ್ದರಿಂದ, ಮಾಡಿನ ಮೇಲೆ ಡಿಶ್ ಕೂರುವವರೆಗೆ ಮಾವನವರು ಕಾಯಬೇಕಾಯಿತು. ಡಿಶ್ ಬಂದ ಮೇಲೆ ಹೊಸದೊಂದು ತೊಡಕು ಎದುರಾಯಿತು. ಉಪಗ್ರಹದಿಂದ ಡಿಶ್‌ಗೆ ಇಳಿದುಬರುವ ಅಲೆಗಳ ಉದ್ದ ಸುಮಾರು 2.5 ಸೆಂಟಿಮೀಟರ್ ಮಾತ್ರ. ದಪ್ಪ ಮಳೆಹನಿಗಳು ಅವುಗಳನ್ನು ಹೀರಿಕೊಂಡು, ಚದುರಿಸಿ, ದಾರಿಯಲ್ಲೇ ಮುಗಿಸಿಬಿಡುತ್ತವೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಒಮ್ಮೆ ಜುಲೈ ತಿಂಗಳಲ್ಲಿ ಭಾರತದ ಮುಂಗಾರಿನ ಬಗ್ಗೆಯೇ ಒಂದು ಕಾರ್ಯಕ್ರಮವಿತ್ತು. ಅರಬ್ಬಿ ಸಮುದ್ರದಿಂದ ಎದ್ದ ಮೋಡಗಳು ಪಶ್ಚಿಮಘಟ್ಟದ ಗೋಡೆಗೆ ಬಂದು ತಾಗುತ್ತಿವೆ ಎಂದು ನಿರೂಪಕರು ಗಂಭೀರವಾಗಿ ಹೇಳುತ್ತಿದ್ದಂತೆ ಅವೇ ಮೋಡಗಳು ನಮ್ಮ ಡಿಶ್‌ಗೂ ತಾಗಿದವು. ಚಿತ್ರ ಚೌಕಚೌಕವಾಗಿ ಒಡೆದು, ಕೊನೆಗೆ ಸಿಗ್ನಲ್ ಇಲ್ಲವೆಂಬ ಬರಹವೊಂದೇ ಉಳಿಯಿತು. ಮುಂಗಾರು ಮುಂದೆ ಏನಾಯಿತೆಂದು ತಿಳಿಯದೆ ಮಾವನವರು ಬಹಳ ಹೊತ್ತು ಚಡಪಡಿಸಿದರು. ಕಿಟಕಿ ತೆರೆದರೆ ತಿಳಿಯುತ್ತದೆ ಎಂದ ಅತ್ತೆಯವರ ಸಲಹೆಯನ್ನು ಅವರು ಸ್ವೀಕರಿಸಲಿಲ್ಲ.

ನೋಡುವುದರಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ನೋಡಿದ್ದನ್ನು ಮನೆಯಲ್ಲಿ ಚಲಾವಣೆಗೆ ತಂದಾಗ. ಆಗುಂಬೆಯ ಕಾಳಿಂಗ ಸರ್ಪಗಳ ಬಗ್ಗೆ ಹೊರನಾಡಿನವರು ಬಂದು ಚಿತ್ರ ತೆಗೆದುಕೊಂಡು ಹೋದದ್ದು ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಉರಗತಜ್ಞ ರೊಮುಲಸ್ ವಿಟೇಕರ್ ಅವರು 2005ರಲ್ಲಿ ಅಲ್ಲಿ ಸಂಶೋಧನಾ ಕೇಂದ್ರವನ್ನೇ ತೆರೆದರು, ಕಾಳಿಂಗಗಳಿಗೆ ರೇಡಿಯೋ ಉಪಕರಣ ಅಳವಡಿಸಿ ಅವುಗಳ ಓಡಾಟದ ಬೆನ್ನುಹತ್ತುವ ಅಧ್ಯಯನವೂ ಅಲ್ಲಿ ನಡೆಯಿತು. ತರಗೆಲೆಗಳನ್ನು ರಾಶಿಮಾಡಿ ಮೊಟ್ಟೆಗೆ ಗೂಡು ಕಟ್ಟುವ ಹಾವು ಅದೊಂದೇ ಎಂಬುದನ್ನು, ಹುಟ್ಟಿದಂದಿನಿಂದ ಅದರ ನೆರೆಯಲ್ಲೇ ಬದುಕಿದ ಮಾವನವರು ತಿಳಿದುಕೊಂಡದ್ದು ಟಿವಿಯಿಂದ. ಅಂಥದ್ದೊಂದು ಕಾರ್ಯಕ್ರಮ ನೋಡಿದ ಮರುದಿನ ಬಚ್ಚಲುಮನೆಯಲ್ಲಿ ಹಾವು ಕಾಣಿಸಿತು. ಎಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೇರೆಹಾವನ್ನು ಕಂಡು ಪಳಗಿದ್ದ ಕಣ್ಣು, ಹಿಂದಿನ ರಾತ್ರಿಯ ಒಂದು ಗಂಟೆಯ ಪ್ರಭಾವದಿಂದ, ಅದು ಕಾಳಿಂಗವೇ ಎಂದು ತೀರ್ಮಾನಿಸಿತು. ಯಾರೂ ಅಲುಗಾಡಬಾರದೆಂದು ನಮ್ಮೆಲ್ಲರನ್ನೂ ಕೈಯೆತ್ತಿ ತಡೆದು, ಅವರು ನಿರೂಪಕರ ಧಾಟಿಯಲ್ಲಿ ಪಿಸುದನಿ ತೆಗೆದು, "ಈಗ ಅದು ಹೆಡೆ ಬಿಚ್ಚಿ ಆಳೆತ್ತರಕ್ಕೆ ಏಳುತ್ತದೆ, ಆಮೇಲೆ ನಾಯಿಯ ಹಾಗೆ ಗುರುಗುಡುತ್ತದೆ" ಎಂದು ವಿವರಿಸತೊಡಗಿದರು. ವಿವರಣೆ ಮುಗಿಯುವ ಮೊದಲೇ ಅತ್ತೆಯವರು ಹಿಡಿಸೂಡಿ ತಂದು, "ಹೋಗು ಮಾರಾಯ, ಕೊಟ್ಟಿಗೆಗೆ ನಡೆ" ಎಂದು ಹಾವನ್ನು ಬಾಗಿಲಿನಾಚೆ ಸರಿಸಿದರು. ಅದೂ ಹೇಳಿದ ಮಾತು ಕೇಳಿ ಕೊಟ್ಟಿಗೆಯತ್ತಲೇ ಹೋಯಿತು. ಕಾಳಿಂಗದ ಅಚ್ಚುಮೆಚ್ಚಿನ ಊಟವೇ ಕೇರೆ. ಹೀಗೆ ಊಟವನ್ನೇ ಉಣ್ಣುವವನೆಂದು ತಿಳಿದದ್ದಕ್ಕೆ ಮಾವನವರು ಬೇಸರಪಡಲಿಲ್ಲ, ಬೆಳಕು ಸರಿಯಿರಲಿಲ್ಲವೆಂದರು.

ಸಾಹಸದ ಕಾರ್ಯಕ್ರಮಗಳು ಇದಕ್ಕಿಂತ ದುಬಾರಿ. ಬೇರ್ ಗ್ರಿಲ್ಸ್ ಎಂಬ ಬ್ರಿಟಿಷ್ ಸಾಹಸಿ ಆನೆಯ ಲದ್ದಿಯನ್ನು ಹಿಂಡಿ ನೀರು ಕುಡಿದದ್ದನ್ನು ನೋಡಿದವರು ಅದನ್ನು ಮರೆಯುವುದು ಕಷ್ಟ. ದಸರಾ ರಜೆಗೆ ಬೆಂಗಳೂರಿನಿಂದ ಬಂದಿದ್ದ ನಾದಿನಿಯ ಮಗ ಇಂಥ ಕಾರ್ಯಕ್ರಮಗಳನ್ನು ಅಜ್ಜನ ತೊಡೆಗೆ ಒರಗಿ ನೋಡಿದ್ದವನು. ಅದೃಷ್ಟಕ್ಕೆ ನಮ್ಮ ತೋಟದಲ್ಲಿ ಆನೆಯಿರಲಿಲ್ಲ, ದುರದೃಷ್ಟಕ್ಕೆ ಬಾಳೆಯಿತ್ತು. ಬಾಳೆಯ ಗಿಡವನ್ನು ಮೊಣಕಾಲೆತ್ತರದಲ್ಲಿ ಕಡಿದು, ಉಳಿದ ಬುಡವನ್ನು ಬಟ್ಟಲಿನ ಹಾಗೆ ತೋಡಿದರೆ ಬೇರುಗಳು ನೀರನ್ನು ಮೇಲಕ್ಕೆ ಕಳಿಸಿ ಅದನ್ನು ತುಂಬುತ್ತವೆ ಎಂಬುದು ನಿಜವಾದ ವಿದ್ಯೆ, ಕಾಡಿನಲ್ಲಿ ದಾರಿ ತಪ್ಪಿದವರಿಗೆ ಜೀವ ಉಳಿಸುವಂಥದ್ದು. ಹುಡುಗ ಕಡಿದದ್ದು ಮಾತ್ರ ಗೊನೆ ಬಿಟ್ಟು ಇನ್ನೇನು ಕೊಯ್ಲಿಗೆ ಬರಲಿದ್ದ ಗಿಡವನ್ನು, ಕಡಿದ ಜಾಗದಿಂದ ನಾಲ್ಕು ಹೆಜ್ಜೆಯ ಆಚೆ ತುಂಬಿದ ಬಾವಿ, ಮೇಲಿನಿಂದ ಜಡಿಮಳೆ. ಕೊಡೆ ಹಿಡಿದು ಪಕ್ಕದಲ್ಲಿ ನಿಂತ ಅಜ್ಜ, ಮೊದಲು ಊರುವ ನೀರು ಕಹಿಯಾಗಿರುತ್ತದೆ, ಅದನ್ನು ಚೆಲ್ಲಿ ಮುಂದಿನದನ್ನು ಕುಡಿಯಬೇಕು ಎಂದು ಮಾರ್ಗದರ್ಶನ ಮಾಡುತ್ತಿದ್ದರು. ಬಟ್ಟಲು ಬಲುಬೇಗ ತುಂಬಿತು, ಆದರೆ ಬೇರಿನಿಂದಲೋ ಆಕಾಶದಿಂದಲೋ ಎಂಬ ವೈಜ್ಞಾನಿಕ ಪ್ರಶ್ನೆ ಇತ್ಯರ್ಥವಾಗದೆ ಉಳಿಯಿತು.

ಇಂಥವನ್ನು ಮನೆಯಲ್ಲಿ ಪ್ರಯತ್ನಿಸಬೇಡಿ ಎಂದು ಟಿವಿಯವರು ಮೊದಲೇ ಹೇಳುತ್ತಾರಲ್ಲ ಎಂದು ನಾನು ಹುಡುಗನನ್ನು ಗದರಿದರೆ, "ಮನೇಲಿ ಅಲ್ಲ ಅತ್ತೆ, ತೋಟದಲ್ಲಿ ಮಾಡಿದ್ದು" ಎಂದ. ಆ ಎಚ್ಚರಿಕೆಯ ಬಗ್ಗೆ ನನಗೂ ದೊಡ್ಡ ಗೌರವವೇನೂ ಉಳಿದಿಲ್ಲ. ಜನಪ್ರಿಯ ನಂಬಿಕೆಗಳನ್ನು ಪ್ರಯೋಗದಿಂದ ಒರೆಗೆ ಹಚ್ಚುತ್ತಿದ್ದ 'ಮಿಥ್‌ಬಸ್ಟರ್ಸ್' ಕಾರ್ಯಕ್ರಮದ ತಂಡ ಪ್ರತಿ ಬಾರಿಯೂ ಈ ಎಚ್ಚರಿಕೆಯನ್ನು ಕೊಡುತ್ತಿತ್ತು. ಅದೇ ತಂಡ 2011ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಡಬ್ಲಿನ್ ಊರಿನ ಬಳಿ ಪೊಲೀಸರ ಸ್ಫೋಟಕ ಪರೀಕ್ಷಾ ಮೈದಾನದಲ್ಲಿ ಫಿರಂಗಿ ಹಾರಿಸಿದಾಗ, ಗುಂಡು ನೀರಿನ ಪೀಪಾಯಿಗಳ ಗುರಿ ತಪ್ಪಿ, ತಡೆಗೋಡೆ ದಾಟಿ, ಗುಡ್ಡಕ್ಕೆ ತಾಗಿ ಮೇಲೆ ಪುಟಿದು, ಊರಿನೊಳಗೆ ಹೋಗಿ ಒಂದು ಮನೆಯ ಮುಂಬಾಗಿಲಿನಿಂದ ನುಗ್ಗಿ ಮಲಗುವ ಕೋಣೆಯ ಗೋಡೆಯಿಂದ ಹೊರಬಂದು, ರಸ್ತೆ ದಾಟಿ, ಇನ್ನೊಂದು ಮನೆಯ ಹೆಂಚಿಗೆ ಬಡಿದು, ಕೊನೆಗೆ ನಿಂತಿದ್ದ ವ್ಯಾನೊಂದರೊಳಗೆ ವಿಶ್ರಮಿಸಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ತಮ್ಮ ಮನೆಯಲ್ಲಿ ಪ್ರಯತ್ನಿಸಬಾರದೆಂಬ ನಿಯಮವನ್ನು ಅವರು ಅಕ್ಷರಶಃ ಪಾಲಿಸಿದ್ದರು. ಈ ಕತೆಯನ್ನು ನಾನು ಹೇಳಿದ ಮೇಲೆ ಅತ್ತೆಯವರು ಬಾಳೆಗೊನೆಯ ವಿಷಯ ಎತ್ತುವುದನ್ನು ಕಡಿಮೆ ಮಾಡಿದ್ದಾರೆ.

ಕರ್ನಾಟಕದ ಕಾಡುಗಳನ್ನೇ ಕುರಿತ 'ವೈಲ್ಡ್ ಕರ್ನಾಟಕ' ಚಿತ್ರ 2020ರ ಜೂನ್ 5ರಂದು ಟಿವಿಗೆ ಬಂದಾಗ ಮಾವನವರ ಸಂಭ್ರಮ ಮೇರೆ ಮೀರಿತ್ತು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ನಿರ್ದೇಶಿಸಿದ ಆ ಚಿತ್ರಕ್ಕೆ ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ ಕೊಟ್ಟಿದ್ದರು. ಹುಲಿ ಕನ್ನಡದಲ್ಲಿ ನಡೆಯುವುದನ್ನು ಕಂಡ ಮೇಲೆ ಖುದ್ದಾಗಿ ನೋಡದೆ ಬಿಡಬಾರದೆಂದು ಹಠ ಹಿಡಿದು, ಕೊರೋನಾದ ಗಲಾಟೆ ತಣ್ಣಗಾದ ಮೇಲೆ ನಮ್ಮನ್ನೆಲ್ಲ ಬಂಡೀಪುರಕ್ಕೆ ಹೊರಡಿಸಿದರು. ಸಫಾರಿಯಲ್ಲಿ ನಮಗೆ ಕಂಡದ್ದು ಧಾರಾಳ ಜಿಂಕೆ, ಬೆನ್ನು ತಿರುಗಿಸಿದ ನವಿಲು, ಲಂಟಾನದ ಪೊದೆಯಾಚೆ ಆನೆಯ ಹಿಂಭಾಗ. "ಅಲ್ಲಪ್ಪ, ಟಿವಿಯಲ್ಲಾದರೆ ಇಷ್ಟು ಹೊತ್ತಿಗೆ ಹುಲಿ ಬಂದುಬಿಟ್ಟಿರುತ್ತಿತ್ತು" ಎಂದು ಮಾವನವರು ಚಾಲಕನಿಗೆ ಅಸಮಾಧಾನ ಸೂಚಿಸಿದರು. "ಯಜಮಾನ್ರೇ, ಆ ಹುಲಿಗೆ ಅಡ್ವರ್ಟೈಸ್‌ಮೆಂಟ್ ಟೈಮ್ ಗೊತ್ತಿರುತ್ತೆ, ನಮ್ಮದಕ್ಕೆ ಗೊತ್ತಿಲ್ಲ" ಎಂದ ಚಾಲಕನ ಮಾತಿನಲ್ಲಿ ನಿಜಾಂಶವಿದೆ. ಒಂದು ಗಂಟೆಯೊಳಗೆ ಮುಗಿಯುವ ಆ ಚಿತ್ರಕ್ಕಾಗಿ ತಂಡ ನಾಲ್ಕು ವರ್ಷ ಕಾಡು ಸುತ್ತಿತ್ತು. ಬಿಬಿಸಿಯವರು 2016ರಲ್ಲಿ ತೋರಿಸಿದ 'ಪ್ಲಾನೆಟ್ ಅರ್ಥ್' ಎರಡನೆಯ ಸರಣಿಗಾಗಿ 40 ದೇಶಗಳಲ್ಲಿ 2,089 ದಿನ ಚಿತ್ರೀಕರಣ ನಡೆಸಿದ್ದರು. ಮಾವನವರು ಹುಲಿಗೆ ಕೊಟ್ಟಿದ್ದು ಮಧ್ಯಾಹ್ನದ ಊಟಕ್ಕೂ ಸಂಜೆಯ ಕಾಫಿಗೂ ನಡುವಿನ ಬಿಡುವು.

ಈ ಅಂಕಿಅಂಶಗಳನ್ನು ಅವರಿಗೆ ಓದಿ ಹೇಳಹೊರಟದ್ದೇ ದೊಡ್ಡ ಅನಾಹುತಕ್ಕೆ ದಾರಿಯಾಯಿತು, ಏಕೆಂದರೆ ಮಾತು ತೆರೆಯ ಹಿಂದಿನ ಸಂಗತಿಗಳತ್ತ ಹೊರಳಿತು. ಬಹು ದೂರದಿಂದ ಉದ್ದನೆಯ ಲೆನ್ಸಿನಲ್ಲಿ ಸೆರೆಹಿಡಿದ ಪ್ರಾಣಿಯ ಹೆಜ್ಜೆಸಪ್ಪಳ ಮೈಕಿಗೆ ಸಿಗುವುದಿಲ್ಲವಾದ್ದರಿಂದ ಅದನ್ನು ಸ್ಟುಡಿಯೋದಲ್ಲಿ ಕುಳಿತು ಸೇರಿಸುತ್ತಾರೆ. ಹಿಮದ ಮೇಲಿನ ನಡಿಗೆಗೆ ಕಾರ್ನ್‌ಫ್ಲೋರ್ ತುಂಬಿದ ಚೀಲವನ್ನು ಹಿಸುಕುವ ರೂಢಿಯಿದೆ. ಇದನ್ನು ಕೇಳಿ ಅತ್ತೆಯವರು ಒಳಗೆ ಹೋಗಿ ಡಬ್ಬಿಯನ್ನು ಒತ್ತಿ ನೋಡಿ ಬಂದರು. ಮಾವನವರ ಮುಖ ಮಾತ್ರ ಸಪ್ಪಗಾಯಿತು. ಬಿಬಿಸಿಯ 2011ರ ಸರಣಿಯಲ್ಲಿ ಹಿಮಕರಡಿಯ ಮರಿಗಳು ನೆದರ್ಲೆಂಡ್ಸಿನ ಪ್ರಾಣಿಸಂಗ್ರಹಾಲಯದ್ದೆಂಬುದನ್ನು, ಕಾಡಿನ ಗುಹೆಯಲ್ಲಿ ಕ್ಯಾಮೆರಾ ಇಟ್ಟರೆ ಮರಿಗಳ ಜೀವಕ್ಕೇ ಅಪಾಯವಾಗುತ್ತಿತ್ತು ಎಂಬ ಸಮಜಾಯಿಷಿಯೊಂದಿಗೆ ತಿಳಿಸಿದಾಗ, ಹೋಗಲಿ ಬಿಡು ಎಂದರು. ಬೇರ್ ಗ್ರಿಲ್ಸ್ ಏಕಾಂಗಿಯಾಗಿ ಕಾಡಿನಲ್ಲಿ ಕಳೆದನೆಂದು ನಂಬಿದ್ದ ಕೆಲವು ರಾತ್ರಿಗಳು ವಸತಿಗೃಹದಲ್ಲಿ ಕಳೆದವೆಂದು 2007ರಲ್ಲಿ ಬಯಲಾಗಿತ್ತು ಎಂದಾಗ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. ಡಿಸ್ನಿ ಸಂಸ್ಥೆಯ 1958ರ ಚಿತ್ರವೊಂದರಲ್ಲಿ ಲೆಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ಸಾಮೂಹಿಕವಾಗಿ ನೀರಿಗೆ ಹಾರುವ ದೃಶ್ಯಕ್ಕಾಗಿ ಅವುಗಳನ್ನು ಬೇರೆ ಊರಿನಿಂದ ತಂದು ದಿಬ್ಬದಿಂದ ತಳ್ಳಲಾಗಿತ್ತು, ಆ ಚಿತ್ರಕ್ಕೆ ಆಸ್ಕರ್ ಕೂಡ ಬಂದಿತ್ತು ಎಂದಾಗ ಟಿವಿಯನ್ನೇ ಆರಿಸಿದರು. ಸುಳ್ಳು ತೋರಿಸುವವರ ಮುಖ ನೋಡುವುದಿಲ್ಲವೆಂಬ ಪ್ರತಿಜ್ಞೆ ಆ ರಾತ್ರಿಯೇ ನಡೆಯಿತು. ಮನೆಯಲ್ಲಿ ಧಾರಾವಾಹಿಯ ಕಾಲ ಮರಳಿತು. ಅತ್ತೆಯವರು ನನಗೆ ಗುಟ್ಟಾಗಿ ಕೃತಜ್ಞತೆ ಸಲ್ಲಿಸಿದರು.

ಈ ನಡುವೆ ಮಂಗಗಳ ಹಿಂಡು ಹಾಡಹಗಲೇ ತೋಟಕ್ಕೆ ಇಳಿಯಿತು. ಮಾವನವರು ಪಂಚೆ ಎತ್ತಿಕಟ್ಟಿ, ಕವಣೆ ಹಿಡಿದು, "ಹೋಯ್" ಎಂದು ಕೂಗುತ್ತ ಅಡಿಕೆ ಮರಗಳ ನಡುವೆ ಓಡಿದ್ದನ್ನು, ಬೇಸಿಗೆ ರಜೆಗೆ ಮತ್ತೆ ಬಂದಿದ್ದ ನಾದಿನಿಯ ಮಗ ಮೊಬೈಲಿನಲ್ಲಿ ಚಿತ್ರೀಕರಿಸಿ, "ಮಲೆನಾಡಿನ ಈ ಹಿರಿಯ ಗಂಡು ತನ್ನ ಗಡಿಯನ್ನು ಕಾಯುತ್ತಿದೆ" ಎಂದು ಗಂಭೀರ ಕಂಠದ ನಿರೂಪಣೆಯನ್ನೂ ಸೇರಿಸಿ ರಾತ್ರಿ ಟಿವಿಗೆ ಜೋಡಿಸಿ ತೋರಿಸಿದ. ಮಾವನವರು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. ನಮ್ಮ ನಗುವನ್ನು ಅವರು ಗಮನಿಸಲಿಲ್ಲ. ಓಟ ಅಷ್ಟೇನೂ ಚುರುಕಾಗಿ ಬಂದಿಲ್ಲ, ಮಂಗ ಒಂದು ಮೂಲೆಯಲ್ಲಿ ಸಣ್ಣದಾಗಿ ಕಾಣುತ್ತದೆ, ಕವಣೆ ಬೀಸಿದ ಶಬ್ದವೇ ಇಲ್ಲ ಎಂದು ಒಂದೊಂದಾಗಿ ಕುಂದುಗಳನ್ನು ಪಟ್ಟಿ ಮಾಡಿ, ಹುಡುಗನ ಕಿವಿಯ ಹತ್ತಿರ ಬಾಗಿ ಹೇಳಿದರು: "ನಾಳೆ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಒಂದು ಚಿಪ್ಪು ಬಾಳೆಹಣ್ಣು ಇಟ್ಟಿರುತ್ತೇನೆ. ಮಂಗ ಬಂದು ಕೂರಲಿ. ನೀನು ಹೂಂ ಅಂದಮೇಲೆ ಓಡುತ್ತೇನೆ. ಅಜ್ಜಿಗೆ ಮಾತ್ರ ಹೇಳಬೇಡ."