ಶಾವಿಗೆ ಒಣಹಾಕಿದ್ದು ಯಾರು?

ಬೆಳಗಾವಿಗೆ ಚಳಿ ಬಂತು ಅಂದರೆ ನನ್ನ ಕೈಗೆ ಇಂಗ್ಲೆಂಡಿನ ಹಳ್ಳಿಗಳ ಪತ್ತೇದಾರಿ ಕಾದಂಬರಿ ಬರುತ್ತದೆ, ಊರಿಗೆ ಸರ್ಕಾರ ಬರುತ್ತದೆ. ಈ ಸಲವೂ ಪೇಪರಿನಲ್ಲಿ ಅದೇ ಸುದ್ದಿ: ವಿಧಾನಮಂಡಲದ ಚಳಿಗಾಲದ ಅಧಿವೇಶನಕ್ಕೆ ಲಾಡ್ಜ್ ರೂಮುಗಳೆಲ್ಲ ಬುಕ್. ಮದುವೆಗೆ ಬರುವ ನೆಂಟರು ಧಾರವಾಡದಲ್ಲಿ ಮಲಗಿ ಬರಲಿ ಬಿಡಿ.

ಆ ಕಾದಂಬರಿಗಳ ಮಜಾನೇ ಬೇರೆ. ಒಂದು ಚರ್ಚು, ನಾಲ್ಕು ಹೂದೋಟ, ಸ್ವೆಟರ್ ಹೆಣೆಯುತ್ತಲೇ ಕೊಲೆಗಾರರನ್ನು ಪತ್ತೆಹಚ್ಚುವ ಒಬ್ಬ ಅಜ್ಜಿ. ಯಾರೋ ಒಬ್ಬರು ಅಚ್ಚುಕಟ್ಟಾಗಿ ಸತ್ತಿರುತ್ತಾರೆ. ರಕ್ತ ಜಾಸ್ತಿ ಇಲ್ಲ. ಸಂಜೆಯ ಚಹಾ ಮಾತ್ರ ಯಾರಿಗೂ ತಪ್ಪುವುದಿಲ್ಲ. ಅಗಾಥಾ ಕ್ರಿಸ್ಟಿಯ ಪುಸ್ತಕಗಳನ್ನು ಅಲ್ಲಿನ ಪ್ರಕಾಶಕರು 'ಕ್ರಿಸ್‌ಮಸ್‌ಗೊಂದು ಕ್ರಿಸ್ಟಿ' ಅಂತಲೇ ಮಾರುತ್ತಿದ್ದರು. ಹಬ್ಬಕ್ಕೆ ನಾವು ಕರದಂಟು ತಂದ ಹಾಗೆ ಅವರು ಹೆಣ ತರುತ್ತಿದ್ದರು.

ನಮ್ಮ ಹಳ್ಳಿಯಲ್ಲಿ ಆ ಅಜ್ಜಿಗೆ ಕೆಲಸವೇ ಇಲ್ಲ. ಬಾಂದಿನ ಜಗಳದಲ್ಲಿ ಯಾರು ಯಾರನ್ನು ಹೊಡೆದರು ಅಂತ ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತು. ಚಾದಂಗಡಿಯಲ್ಲಿ ಕೂತರೆ ಕುಡಗೋಲು ಯಾರ ಮನೇದು, ಯಾವಾಗ ಸಾಣೆ ಹಿಡಿಸಿದ್ದು ಅಂತಲೂ ಹೇಳುತ್ತಾರೆ. ಪೊಲೀಸರು ಬಂದರೆ ಮಾತ್ರ, "ಅವತ್ತ ನಾವು ಜಾತ್ರಿಗೆ ಹೋಗಿದ್ವಿರೀ ಸಾಹೇಬ್ರ." ಇಡೀ ಊರೇ ಹೋಗಿತ್ತು. ಯಾವ ಜಾತ್ರೆ ಅಂತ ಕೇಳಬಾರದು.

ಇನ್ನು ಕೊನೆಯ ಅಧ್ಯಾಯ. ಎಲ್ಲರನ್ನೂ ಒಂದು ಹಾಲಿನಲ್ಲಿ ಕೂರಿಸಿ, ಪತ್ತೇದಾರರು ಬೆರಳು ತೋರಿಸುವುದು. ಅದಕ್ಕೆ ನಮ್ಮ ಸುವರ್ಣ ವಿಧಾನಸೌಧಕ್ಕಿಂತ ಒಳ್ಳೆಯ ಜಾಗ ಬೇಕಾ? 2012ರಿಂದ ಸಿದ್ಧವಾಗಿದೆ. ಈಗ ಆಳುವವರು, ಹಿಂದೆ ಆಳಿದವರು, ಎಲ್ಲ ಅದೇ ಹಾಲಿನಲ್ಲಿ. ಸಾಕ್ಷಿಗಳು ಹೊರಗೆ ಟೆಂಟಿನಲ್ಲಿ ಧಿಕ್ಕಾರ ಕೂಗುತ್ತಿರುತ್ತಾರೆ. ಬೆರಳುಗಳಿಗೂ ಬರವಿಲ್ಲ. ಎಲ್ಲ ಬೆರಳೂ ಎದುರಿನ ಸಾಲಿನ ಕಡೆಗೆ, ಅಷ್ಟೇ. ಆಮೇಲೆ ಸದನದ ಬಾವಿಗಿಳಿಯುವುದು, ಮುಂದೂಡುವುದು, ಊಟ.

ಹಾಗಂತ ಅಲ್ಲಿ ಏನೂ ಪತ್ತೆಯಾಗಿಲ್ಲ ಅಂದರೆ ಪಾಪ ಬರುತ್ತದೆ. 2022ರ ಶಾವಿಗೆ ಪ್ರಕರಣ ನೆನಪಿದೆಯಲ್ಲ? ಬೇಸಿಗೆಯ ಬಿಸಿಲು, ಖಾಲಿ ಅಂಗಳ, ಕೇಳುವವರಿಲ್ಲ. ಕೂಲಿಯ ಹೆಣ್ಣುಮಗಳೊಬ್ಬಳು ಸೌಧದ ಮುಂದೆ ಶಾವಿಗೆ ಒಣಹಾಕಿದಳು. ಫೋಟೊ ಹೊರಬಿತ್ತು, ಆರೋಪಿ ಸಿಕ್ಕಳು, ಕೆಲಸದಿಂದ ತೆಗೆಯಲು ಆದೇಶವೂ ಆಯಿತು. ಏನು ಚುರುಕು, ಏನು ದಕ್ಷತೆ! ಆ ಕಟ್ಟಡವನ್ನು ಬೇಸಿಗೆಯಲ್ಲೂ ಉಪಯೋಗಕ್ಕೆ ತಂದವಳಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕಿತ್ತು.

ಇಷ್ಟು ಚುರುಕಿನವರಿಗೆ ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ ಕೇಸು ಮಾತ್ರ ಬಿಡಿಸಲಾಗುತ್ತಿಲ್ಲ. ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಬಹುದು ಅಂತ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಹೇಳಿದ್ದು 2010ರ ಡಿಸೆಂಬರಿನಲ್ಲಿ. ನೀರು ನಿಲ್ಲಿಸುವುದು ಇವತ್ತಿಗೂ 519.6ಕ್ಕೇ. ಆ ತೀರ್ಪು ಗೆಜೆಟ್ಟಿನಲ್ಲಿ ಬಂದಿಲ್ಲ ಅಂತ ಇವರು ದಿಲ್ಲಿ ಕಡೆ ಕೈ ತೋರಿಸುತ್ತಾರೆ, ದಿಲ್ಲಿ ಕೋರ್ಟಿನ ಕಡೆ. ಮುಳುಗಡೆ ಪಟ್ಟಿಯಲ್ಲಿರುವ ಬಾಗಲಕೋಟೆ ಕಡೆಯ ಹಳ್ಳಿಯವನು ಮನೆಗೆ ಹೊಸ ಬಾಗಿಲು ಕೂರಿಸಬೇಕಾ, ಬೇಡವಾ? ಬೋರು ಕೊರೆಸಬೇಕಾ? ಮಗನಿಗೆ ಹೆಣ್ಣು ಕೇಳಲು ಹೋದರೆ, "ಮುಳುಗೋ ಊರಿಗೆ ಹೆಂಗ ಕೊಡೂದ್ರೀ" ಅಂದರೆ ಏನು ಹೇಳಬೇಕು? ತಮಾಷೆ ಸಾಕು. ಊರನ್ನು ಮುಳುಗಿಸಲೂ ಇಲ್ಲ, ನೆಟ್ಟಗೆ ಬದುಕಲೂ ಬಿಡಲಿಲ್ಲ. ಆ ಊರಲ್ಲಿ ಹುಟ್ಟಿದ ಕೂಸು ಹೈಸ್ಕೂಲು ಮುಗಿಸಿತು. ಇದಕ್ಕೆ ಯಾರೂ ನಾಚಿಕೊಂಡಿಲ್ಲ.

ಈ ಸಲ ಉತ್ತರ ಕರ್ನಾಟಕದ ಚರ್ಚೆಗೂ ಸಮಯ ಕೊಡುತ್ತಾರೆ ಅಂತ ನಂಬಿದ್ದೇನೆ. ಕೊನೆಯ ದಿನ, ಊಟ ಆದ ಮೇಲೆ.